ಮುಂದಿನ ಚಕ್ರದ ಆಕ್ಸಲ್ ನಟ್ಟನ್ನು ಸರಿಯಾಗಿ ಬಿಗಿ ಮಾಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮಳೆಗಾಲ ಮುಗಿದು ರಸ್ತೆ ಒಣಗುತ್ತಿದ್ದಂತೆ ಶಿವಮೊಗ್ಗ, ತೀರ್ಥಹಳ್ಳಿ, ಸಾಗರ, ಹೊಸನಗರದ ಗ್ಯಾರೇಜುಗಳಲ್ಲಿ ಮುಂದಿನ ಚಕ್ರ ಬಿಚ್ಚಿಸುವವರ ಸಾಲು ಶುರುವಾಗುತ್ತದೆ. ಬೇರಿಂಗ್ ಶಬ್ದ, ಬ್ರೇಕಿಗೆ ಹೊಕ್ಕ ಕೆಸರು, ಗ್ರೀಸ್ ಬದಲಾವಣೆ ಹೀಗೆ ಕಾರಣಗಳು ಹಲವು. ಬಿಚ್ಚುವಾಗ ಎಲ್ಲರೂ ಎಚ್ಚರದಿಂದಿರುತ್ತಾರೆ. ಮರಳಿ ಜೋಡಿಸುವಾಗ, ಅದರಲ್ಲೂ ಕೊನೆಯ ನಟ್ಟಿನ ಹೊತ್ತಿಗೆ, ಅವಸರ ಬಂದುಬಿಡುತ್ತದೆ. ಮನೆಯಲ್ಲೇ ಈ ಕೆಲಸ ಮಾಡಿಕೊಳ್ಳುವವರಿಗೂ, ಗ್ಯಾರೇಜಿನಲ್ಲಿ ಪಕ್ಕದಲ್ಲಿ ನಿಂತು ಮಾಡಿಸಿಕೊಳ್ಳುವವರಿಗೂ ಏಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಬೈಕು, ಮುಂದಿನ ಚಕ್ರದಿಂದ ಎಳೆಯುವ ಸಣ್ಣ ಕಾರು, ಹಳೆಯ ಜೀಪು ಮತ್ತು ಟ್ರ್ಯಾಕ್ಟರ್, ಈ ನಾಲ್ಕನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯಲಾಗಿದೆ.

ಆಕ್ಸಲ್ ನಟ್ಟು ಎಂದರೆ ಯಾವುದು? ಸ್ಟೆಪ್ನಿ ಹಾಕುವಾಗ ಬಿಚ್ಚುವ ನಟ್ಟುಗಳೇ?

ಅಲ್ಲ. ಕಾರಿನಲ್ಲಿ ಸ್ಟೆಪ್ನಿ ಹಾಕುವಾಗ ಬಿಚ್ಚುವ ನಾಲ್ಕೈದು ನಟ್ಟು ಅಥವಾ ಬೋಲ್ಟುಗಳು ಚಕ್ರವನ್ನು ಅದರ ನಡುವೆ ತಿರುಗುವ ಭಾಗವಾದ ಹಬ್ಬಿಗೆ ಹಿಡಿಯುವಂಥವು; ಸಣ್ಣ ಕಾರುಗಳಲ್ಲಿ ಅವುಗಳ ಬಿಗಿ ಸಾಮಾನ್ಯವಾಗಿ 85ರಿಂದ 110 ನ್ಯೂಟನ್-ಮೀಟರ್ ಆಸುಪಾಸಿನಲ್ಲಿರುತ್ತದೆ. ಚಕ್ರದ ನಟ್ಟನಡುವೆ, ಪ್ಲಾಸ್ಟಿಕ್ ಮುಚ್ಚಳ ಅಥವಾ ತಗಡಿನ ಟೊಪ್ಪಿಯ ಕೆಳಗೆ ಕೂತಿರುವ ಒಂದೇ ದೊಡ್ಡ ನಟ್ಟು ಆಕ್ಸಲ್ ನಟ್ಟು. ಬೈಕಿನಲ್ಲಿ ಇದು ಎರಡು ಫೋರ್ಕುಗಳ ನಡುವೆ ಹಾಯುವ ಸರಳಿನ ತುದಿಯಲ್ಲಿರುತ್ತದೆ.

ಗಟ್ಟಿಯಾಗಿ ಬಿಗಿದರೆ ಸಾಲದೇ? ಇದರಲ್ಲಿ ತಿಳಿಯಬೇಕಾದದ್ದೇನಿದೆ?

ಇದೆ. ಈ ಪುಟದ ಮುಖ್ಯ ಮಾತೂ ಅದೇ. ನೋಡಲು ಒಂದೇ ತೆರನಾಗಿ ಕಾಣುವ ಆಕ್ಸಲ್ ನಟ್ಟುಗಳು ಎರಡು ಬೇರೆ ಬೇರೆ ಕೆಲಸ ಮಾಡುತ್ತವೆ. ಮೊದಲನೆಯ ಬಗೆಯ ನಟ್ಟು ಅದುಮಿ ಹಿಡಿಯುತ್ತದೆ: ಬೇರಿಂಗಿನ ಒಳ ಬಳೆ, ಸ್ಪೇಸರ್ (ಅಂತರ ಕಾಯುವ ಬಳೆ), ಹಬ್ಬು, ಶಾಫ್ಟು ಎಲ್ಲವನ್ನೂ ಒಂದೇ ತುಂಡಿನಂತೆ ಒತ್ತಿ ನಿಲ್ಲಿಸುವುದು ಅದರ ಕೆಲಸ. ಬೈಕುಗಳಲ್ಲಿ ಮತ್ತು ಇಂದಿನ ಮುಂಚಕ್ರ ಚಾಲನೆಯ ಕಾರುಗಳಲ್ಲಿ ಇರುವುದು ಇದೇ. ಇಲ್ಲಿ ತಯಾರಕರು ಹೇಳಿದ ಬಿಗಿಯನ್ನು ಪೂರ್ತಿಯಾಗಿ ಕೊಡಬೇಕು; ಕಡಿಮೆಯಾದರೂ ಕೆಡುಕು, ಮಿತಿಮೀರಿದರೂ ಕೆಡುಕು.

ಎರಡನೆಯ ಬಗೆಯ ನಟ್ಟು ಅಂತರವನ್ನು ಹೊಂದಿಸುತ್ತದೆ. ಹಳೆಯ ಜೀಪು, ಟ್ರ್ಯಾಕ್ಟರಿನ ಮುಂದಿನ ಚಕ್ರ, ಅನೇಕ ಲಾರಿಗಳಲ್ಲಿ ಹಬ್ಬಿನೊಳಗೆ ಎದುರುಬದುರಾಗಿ ಕೂತ ಎರಡು ಟೇಪರ್ ರೋಲರ್ (ಒಂದು ತುದಿಗೆ ಕಿರಿದಾಗುವ ಉರುಳೆಗಳ) ಬೇರಿಂಗುಗಳಿರುತ್ತವೆ. ಅವುಗಳ ರೋಲರ್‌ಗಳಿಗೆ ಎಷ್ಟು ಜಾಗ ಇರಬೇಕು ಎಂಬುದನ್ನು ನಟ್ಟು ನಿರ್ಧರಿಸುತ್ತದೆ. ಅದನ್ನು ಕಾರಿನ ನಟ್ಟಿನಂತೆ ಪೈಪು ಹಾಕಿ ಬಿಗಿದರೆ ಚಕ್ರ ಕೆಲವೇ ಕಿಲೋಮೀಟರಿನಲ್ಲಿ ಕಾದು, ಗ್ರೀಸ್ ಕರಗಿ ಹರಿದು, ಬೇರಿಂಗ್ ಸುಟ್ಟುಹೋಗುತ್ತದೆ. ಕಾರಿನ ನಟ್ಟನ್ನು ಜೀಪಿನ ನಟ್ಟಿನಂತೆ ‘ಕೈಬಿಗಿ’ಯಲ್ಲಿ ಬಿಟ್ಟರೂ ಬೇರಿಂಗ್ ಹಾಳಾಗುವುದು ಅಷ್ಟೇ ಖಚಿತ. ಆದ್ದರಿಂದ ಪಾನ (ಸ್ಪ್ಯಾನರ್) ಕೈಗೆತ್ತಿಕೊಳ್ಳುವ ಮೊದಲು ಎದುರಿಗಿರುವ ನಟ್ಟು ಈ ಎರಡರಲ್ಲಿ ಯಾವುದು ಎಂದು ತಿಳಿದುಕೊಳ್ಳಬೇಕು.

ನನ್ನ ವಾಹನದಲ್ಲಿರುವುದು ಯಾವ ಬಗೆ ಎಂದು ಗುರುತಿಸುವುದು ಹೇಗೆ?

ವಾಹನದ ಸರ್ವಿಸ್ ಪುಸ್ತಕ ಎಲ್ಲಕ್ಕಿಂತ ಒಳ್ಳೆಯ ಸಾಕ್ಷಿ. ಅದಿಲ್ಲದಿದ್ದರೆ ಬಿಚ್ಚುವಾಗಲೇ ಗಮನಿಸಿ. ಸಡಿಲಿಸಲು ಉದ್ದನೆಯ ರಾಡಿನ ಮೇಲೆ ಮೈಭಾರ ಹಾಕಬೇಕಾಗಿ ಬಂದರೆ ಅದು ಅದುಮಿ ಹಿಡಿಯುವ ನಟ್ಟು. ಲಾಕ್ ತೆಗೆದ ಮೇಲೆ ನಟ್ಟು ಸಲೀಸಾಗಿ ತಿರುಗಿ, ಹಬ್ಬಿನ ಹೊರಗಿನ ಬೇರಿಂಗ್ ದಪ್ಪ ವಾಷರಿನ ಸಮೇತ ಕೈಗೇ ಬಂದರೆ ಅದು ಹೊಂದಿಸುವ ನಟ್ಟು. ಫೋರ್ ವ್ಹೀಲ್ ಡ್ರೈವ್ ಜೀಪುಗಳಲ್ಲಿ ಸಾಮಾನ್ಯವಾಗಿ ಒಂದರ ಮೇಲೊಂದರಂತೆ ಎರಡು ತೆಳ್ಳನೆಯ ನಟ್ಟುಗಳೂ ಅವುಗಳ ನಡುವೆ ಮಡಚುವ ಕಿವಿಯುಳ್ಳ ಲಾಕ್ ವಾಷರೂ ಇರುತ್ತವೆ. ಒಳಗಿನ ನಟ್ಟು ಹೊಂದಿಸಲು, ಹೊರಗಿನದು ಅದನ್ನು ಅಲುಗದಂತೆ ಹಿಡಿಯಲು.

ಪುಸ್ತಕದಲ್ಲಿ ಕೊಟ್ಟಿರುವ ಟಾರ್ಕ್ ಅಂಕೆಯನ್ನು ಅರ್ಥ ಮಾಡಿಕೊಳ್ಳುವುದು ಹೇಗೆ?

ಹಿಡಿಕೆಯ ತುದಿಗೆ ಹಾಕಿದ ಬಲವನ್ನು ಹಿಡಿಕೆಯ ಉದ್ದದಿಂದ ಗುಣಿಸಿದರೆ ಬರುವುದೇ ಟಾರ್ಕ್. ಒಂದು ಮೀಟರ್ ಉದ್ದದ ರಾಡಿನ ತುದಿಗೆ 10 ಕಿಲೋ ಭಾರ ಹಾಕಿದರೆ ಸುಮಾರು 98 ನ್ಯೂಟನ್-ಮೀಟರ್ ಆಗುತ್ತದೆ. ಸಣ್ಣ ಬೈಕುಗಳ ಮುಂದಿನ ಆಕ್ಸಲ್ ನಟ್ಟಿಗೆ ಹೆಚ್ಚಾಗಿ 45ರಿಂದ 70, ಮುಂಚಕ್ರ ಚಾಲನೆಯ ಕಾರುಗಳಿಗೆ 150ರಿಂದ 300 ನ್ಯೂಟನ್-ಮೀಟರ್ ಹೇಳಿರುತ್ತಾರೆ. ಇವು ಅಂದಾಜಿಗಾಗಿ ಕೊಟ್ಟ ವ್ಯಾಪ್ತಿ ಮಾತ್ರ. ನಿಮ್ಮ ವಾಹನದ ಮಾದರಿ ಮತ್ತು ವರ್ಷಕ್ಕೆ ಹೇಳಿದ ಅಂಕೆಯನ್ನೇ ಬಳಸಬೇಕು. ನೆರೆಮನೆಯವರ ಕಾರಿನ ಅಂಕೆ ನಿಮ್ಮ ಕಾರಿಗೆ ಆಗದು.

ಹಳೆಯ ಪುಸ್ತಕಗಳಲ್ಲಿ ಅಳತೆ ಬೇರೆಯಿರುವುದರಿಂದ ಎಚ್ಚರ ಬೇಕು. ಒಂದು ಕಿಲೋಗ್ರಾಂ-ಮೀಟರ್ ಎಂದರೆ 9.8 ನ್ಯೂಟನ್-ಮೀಟರ್, ಒಂದು ಪೌಂಡ್-ಅಡಿ ಎಂದರೆ ಸುಮಾರು 1.36 ನ್ಯೂಟನ್-ಮೀಟರ್. ಪೌಂಡ್-ಅಡಿಯಲ್ಲಿ ಬರೆದ 100 ಅನ್ನು ನ್ಯೂಟನ್-ಮೀಟರ್ ಎಂದು ಓದಿದರೆ ಬಿಗಿಯ ಕಾಲು ಭಾಗಕ್ಕಿಂತ ಹೆಚ್ಚು ಕೊರತೆಯಾಗುತ್ತದೆ.

ಪಾನದ ಹಿಡಿಕೆಗೆ ಪೈಪು ತೂರಿಸಿ ಬಿಗಿ ಮಾಡುವುದು ತಪ್ಪೇ?

ಸಡಿಲಿಸಲು ಪೈಪು ಬಳಸುವುದಕ್ಕೆ ಆಕ್ಷೇಪವಿಲ್ಲ. ಬಿಗಿ ಮಾಡಲು ಬಳಸಿದಾಗ ಮಾತ್ರ ಎಷ್ಟು ಬಿಗಿಯಾಯಿತು ಎಂಬುದು ಮಾಡಿದವರಿಗೂ ತಿಳಿಯುವುದಿಲ್ಲ. ಅರ್ಧ ಮೀಟರಿನ ಹಿಡಿಕೆಯಲ್ಲಿ 40 ಕಿಲೋ ಬಲ ಹಾಕಿದರೆ ಸುಮಾರು 200 ನ್ಯೂಟನ್-ಮೀಟರ್. ಅದೇ ಬಲವನ್ನು ಒಂದು ಮೀಟರ್ ಪೈಪಿನ ತುದಿಯಲ್ಲಿ ಹಾಕಿದರೆ 400 ಹತ್ತಿರ. ತೋಳಿಗೆ ಎರಡೂ ಒಂದೇ ರೀತಿ ಅನ್ನಿಸುತ್ತವೆ. ‘ಕೈಗೆ ಅಂದಾಜು ಸಿಗುತ್ತದೆ’ ಎಂದು ಹೇಳುವ ಅನುಭವಿ ಮೆಕ್ಯಾನಿಕ್‌ಗಳ ಮಾತಿನಲ್ಲಿ ನಿಜವಿದೆ, ಆದರೆ ಆ ಅಂದಾಜು ಅವರು ದಿನವೂ ಹಿಡಿಯುವ ಒಂದೇ ಉದ್ದದ ಪಾನಕ್ಕೆ ಸೇರಿದ್ದು. ಪೈಪು ಸೇರಿದೊಡನೆ ಅದು ಕೈಕೊಡುತ್ತದೆ.

ಟಾರ್ಕ್ ರೆಂಚನ್ನು ಬಳಸುವ ಸರಿಯಾದ ಕ್ರಮ ಯಾವುದು?

ಬೇಕಾದ ಅಂಕೆ ರೆಂಚಿನ ವ್ಯಾಪ್ತಿಯ ನಡುಭಾಗದಲ್ಲಿ ಬರುವಂಥ ಅಳತೆಯದನ್ನು ಆರಿಸಿಕೊಳ್ಳಿ. ಗರಿಷ್ಠ ಅಳತೆಯ ಐದನೆಯ ಒಂದು ಪಾಲಿಗಿಂತ ಕೆಳಗೆ ಸಾಮಾನ್ಯ ಕ್ಲಿಕ್ ರೆಂಚುಗಳ ಮಾತನ್ನು ನಂಬುವಂತಿಲ್ಲ. ನಟ್ಟನ್ನು ಮೊದಲು ಬೆರಳಿನಲ್ಲಿ, ಬಳಿಕ ಸಾಮಾನ್ಯ ಪಾನದಲ್ಲಿ ಕೂರಿಸಿ, ಕೊನೆಯ ಹಂತಕ್ಕೆ ಮಾತ್ರ ಟಾರ್ಕ್ ರೆಂಚ್ ಹಿಡಿಯಬೇಕು. ಹಿಡಿಕೆಯ ಗುರುತಿನ ಜಾಗದಲ್ಲಿ ಕೈಯಿಟ್ಟು, ಜರ್ಕು ಹೊಡೆಯದೆ ಒಂದೇ ಸಮನೆ ಎಳೆಯಿರಿ. ಕ್ಲಿಕ್ ಎಂದೊಡನೆ ನಿಲ್ಲಿಸಿ. ‘ಇನ್ನೊಂದು ಸಲ ಇರಲಿ’ ಎಂದು ಎರಡು ಮೂರು ಬಾರಿ ಕ್ಲಿಕ್ ಅನ್ನಿಸುವ ಅಭ್ಯಾಸ ಬಹಳ ಕಡೆ ಇದೆ. ಪ್ರತಿ ಸಲವೂ ನಟ್ಟು ಸ್ವಲ್ಪ ಮುಂದೆ ಸರಿಯುತ್ತದೆ.

ರೆಂಚಿಗೂ ಸಾಕೆಟ್ಟಿಗೂ ನಡುವೆ ನೇರವಾದ ಎಕ್ಸ್‌ಟೆನ್ಷನ್ ಹಾಕಿದರೆ ಅಳತೆ ಬದಲಾಗುವುದಿಲ್ಲ. ಹಿಡಿಕೆಯನ್ನು ಉದ್ದ ಮಾಡಿದರೆ ಬದಲಾಗುತ್ತದೆ. ಕೆಲಸ ಮುಗಿದ ಮೇಲೆ ಅಂಕೆಯನ್ನು ಅದರ ಕನಿಷ್ಠ ಗುರುತಿಗೆ ತಂದಿಡಬೇಕು. ಟಾರ್ಕ್ ರೆಂಚಿನಿಂದ ನಟ್ಟು ಸಡಿಲಿಸಬಾರದು. ಗ್ಯಾರೇಜಿನವರು ವರ್ಷಕ್ಕೊಮ್ಮೆ ಅಥವಾ 5,000 ಬಳಕೆಗೊಮ್ಮೆ, ಯಾವುದು ಮೊದಲೋ ಆಗ, ಅದನ್ನು ಪರೀಕ್ಷಿಸಿಕೊಳ್ಳುವುದು ಒಪ್ಪಿತ ಪದ್ಧತಿ.

ನಮ್ಮ ಕಡೆ ಎಲ್ಲವೂ ತುಕ್ಕು ಹಿಡಿಯುತ್ತದೆ. ನಟ್ಟಿನ ಥ್ರೆಡ್‌ಗೆ ಎಣ್ಣೆ ಅಥವಾ ಗ್ರೀಸ್ ಹಚ್ಚಬಹುದೇ?

ಆಗುಂಬೆಯಂಥ ಕಡೆ ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವಾಗ ಈ ಪ್ರಶ್ನೆ ಸಹಜವೇ. ಆದರೆ ಉತ್ತರವನ್ನು ಯೋಚಿಸಿ ಕೊಡಬೇಕಾಗುತ್ತದೆ. ನಟ್ಟು ತಿರುಗಿಸಲು ನಾವು ಹಾಕುವ ಶ್ರಮದ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ಥ್ರೆಡ್ಡಿನ ಮತ್ತು ನಟ್ಟಿನ ಅಡಿಯ ತಿಕ್ಕಾಟಕ್ಕೇ ಹೋಗುತ್ತದೆ. ಉಳಿದ ಒಂದು ಪಾಲು ಮಾತ್ರ ಆಕ್ಸಲನ್ನು ಎಳೆದು ಅದುಮುವ ಬಲವಾಗುತ್ತದೆ. ಎಣ್ಣೆ ಸವರಿದಾಗ ತಿಕ್ಕಾಟ ಇಳಿಯುತ್ತದೆ, ಅದೇ ಟಾರ್ಕಿಗೆ ಅದುಮುವ ಬಲ ಏರುತ್ತದೆ. ಒಣ ಥ್ರೆಡ್‌ಗೆ ಹೇಳಿದ ಅಂಕೆಯನ್ನು ಗ್ರೀಸ್ ಹಚ್ಚಿದ ಥ್ರೆಡ್‌ಗೆ ಬಳಸಿದರೆ ನಟ್ಟು ಬೇಕಾದ್ದಕ್ಕಿಂತ ಹೆಚ್ಚು ಬಿಗಿಯಾಗುತ್ತದೆ. ತುಕ್ಕಿನ ಥ್ರೆಡ್ಡಿನಲ್ಲಿ ಇದು ತಿರುವುಮುರುವು: ರೆಂಚು ಕ್ಲಿಕ್ ಎನ್ನುತ್ತದೆ, ನಟ್ಟು ಮಾತ್ರ ಇನ್ನೂ ಅದುಮಿರುವುದಿಲ್ಲ.

ಹೀಗಾಗಿ ತಯಾರಕರು ಎಣ್ಣೆ ಹಚ್ಚಿ ಎಂದಿದ್ದರೆ ಹಚ್ಚಿ, ಏನನ್ನೂ ಹೇಳದಿದ್ದರೆ ಥ್ರೆಡ್ಡನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಒರೆಸಿ, ಒಣಗಿಸಿಯೇ ಜೋಡಿಸಿ. ಒಳಗೆ ನೈಲಾನ್ ಬಳೆಯಿರುವ ನಟ್ಟನ್ನು ಬಿಟ್ಟರೆ, ನಟ್ಟು ಬೆರಳಿನಲ್ಲೇ ಕೊನೆಯವರೆಗೂ ಓಡಬೇಕು. ನಡುವೆ ಹಿಡಿದರೆ ಥ್ರೆಡ್ ಕೆಟ್ಟಿದೆ ಎಂದೇ ಅರ್ಥ. ಬೈಕಿನ ಆಕ್ಸಲಿನ ನುಣುಪಾದ ನಡುಭಾಗಕ್ಕೆ ತೆಳ್ಳಗೆ ಗ್ರೀಸ್ ಸವರುವುದು ಬೇರೆ ವಿಷಯ. ಅದನ್ನು ಖಂಡಿತ ಮಾಡಬೇಕು, ಇಲ್ಲದಿದ್ದರೆ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಆಕ್ಸಲು ಬೇರಿಂಗಿನ ಒಳಬಳೆಗೆ ಕಚ್ಚಿಕೊಂಡು ಸುತ್ತಿಗೆಗೂ ಜಗ್ಗದಂತಾಗುತ್ತದೆ.

ಬೈಕಿನ ಮುಂದಿನ ಚಕ್ರವನ್ನು ಜೋಡಿಸುವ ಕ್ರಮ ಹೇಗಿರಬೇಕು?

ಬೈಕಿನಲ್ಲಿ ಬಿಗಿಯಷ್ಟೇ ಮುಖ್ಯವಾದದ್ದು ಸರದಿ. ಮೊದಲು ಚಕ್ರದ ಎರಡೂ ಬದಿಯ ಸ್ಪೇಸರುಗಳು ಅವುಗಳದೇ ಜಾಗದಲ್ಲಿವೆಯೇ ನೋಡಿ. ಎಡದ್ದು ಬಲಕ್ಕೆ ಹೋದರೆ ಚಕ್ರ ಮಧ್ಯದಲ್ಲಿ ನಿಲ್ಲದೆ ಡಿಸ್ಕು ಕ್ಯಾಲಿಪರಿಗೆ ಉಜ್ಜುತ್ತದೆ. ಕೇಬಲ್ಲಿನ ಸ್ಪೀಡೋಮೀಟರ್ ಇರುವ ಬೈಕುಗಳಲ್ಲಿ ಚಕ್ರದ ಪಕ್ಕದ ಸ್ಪೀಡೋ ಗೇರಿನ ಕಿವಿಗಳು ಹಬ್ಬಿನ ಕಚ್ಚಿನೊಳಗೆ ಕೂರಬೇಕು. ಕೂರದೆ ಅಡ್ಡವಾಗಿ ನಿಂತಿರುವಾಗಲೇ ನಟ್ಟು ಬಿಗಿದರೆ ಆ ತೆಳ್ಳನೆಯ ಕಿವಿಗಳು ಚಪ್ಪಟೆಯಾಗುತ್ತವೆ, ಜೊತೆಗೆ ಅವು ಚಪ್ಪಟೆಯಾದ ಕೆಲ ದಿನಗಳಲ್ಲಿ ನಟ್ಟೂ ಸಡಿಲವಾಗುತ್ತದೆ. ಸ್ಪೀಡೋ ಮುಳ್ಳು ಅಲುಗುವುದಿಲ್ಲ ಎಂದು ಕೇಬಲ್ ಬದಲಾಯಿಸುತ್ತಾ ಹೋಗುವವರು ಇದನ್ನೊಮ್ಮೆ ಬಿಚ್ಚಿ ನೋಡುವುದು ಒಳ್ಳೆಯದು.

ಆಕ್ಸಲು ತೂರಿಸಿದ ಮೇಲೆ ನಟ್ಟನ್ನು ಬೆರಳಿನಲ್ಲಿ ಕೂರಿಸಿ, ಹೇಳಿದ ಟಾರ್ಕಿಗೆ ಬಿಗಿ ಮಾಡಿ. ಒಂದು ಫೋರ್ಕಿನ ತುದಿಯಲ್ಲಿ ಆಕ್ಸಲನ್ನು ಹಿಡಿಯುವ ಪಿಂಚ್ ಬೋಲ್ಟ್ ಇದ್ದರೆ ಅದನ್ನು ಈಗಲೇ ಮುಟ್ಟಬೇಡಿ. ಬೈಕನ್ನು ನೆಲಕ್ಕಿಳಿಸಿ, ಮುಂದಿನ ಬ್ರೇಕ್ ಹಿಡಿದು, ಹ್ಯಾಂಡಲನ್ನು ಕೆಳಕ್ಕೊತ್ತಿ ಫೋರ್ಕನ್ನು ನಾಲ್ಕಾರು ಸಲ ಕುಣಿಸಿ. ಆಗ ಆ ಬದಿಯ ಫೋರ್ಕು ಆಕ್ಸಲಿನ ಮೇಲೆ ಸರಿದು ತನ್ನ ಸಹಜ ಜಾಗಕ್ಕೆ ಬರುತ್ತದೆ. ಅದಾದ ಮೇಲೆ ಪಿಂಚ್ ಬೋಲ್ಟನ್ನು ಬಿಗಿಯಬೇಕು. ಅದಕ್ಕೆ ಬೇಕಾದ ಬಿಗಿ ಕಡಿಮೆ, ಹೆಚ್ಚಾಗಿ 15ರಿಂದ 25 ನ್ಯೂಟನ್-ಮೀಟರ್. ಪಿಂಚ್ ಬೋಲ್ಟನ್ನು ಮೊದಲೇ ಬಿಗಿದರೆ ಎರಡು ಫೋರ್ಕುಗಳು ಒಂದಕ್ಕೊಂದು ಸಮಾನಾಂತರವಾಗಿ ನಿಲ್ಲದೆ, ಗುಂಡಿಗೆ ಇಳಿದಾಗ ಸಲೀಸಾಗಿ ಜಾರುವ ಬದಲು ಗಕ್ಕನೆ ಹಿಡಿಯುತ್ತವೆ, ಆಯಿಲ್ ಸೀಲ್ ಬೇಗ ಸವೆಯುತ್ತದೆ. ಹೊಸನಗರ, ನಗರ (ಬಿದನೂರು) ಕಡೆಯ ಒಳರಸ್ತೆಗಳಲ್ಲಿ ಓಡಾಡುವವರಿಗೆ ಈ ಗಕ್ಕನೆ ಹಿಡಿಯುವಿಕೆ ಕೂಡಲೇ ಗೊತ್ತಾಗುತ್ತದೆ.

ಡಿಸ್ಕ್ ಬ್ರೇಕ್ ಇದ್ದರೆ, ಗಾಡಿ ಹೊರಡಿಸುವ ಮುನ್ನ ಬ್ರೇಕ್ ಲಿವರನ್ನು ಗಟ್ಟಿಯಾಗುವವರೆಗೆ ಒತ್ತಿ ಬಿಡಬೇಕು. ಚಕ್ರ ಕೂರಿಸುವಾಗ ಹಿಂದೆ ಸರಿದ ಪ್ಯಾಡುಗಳು ಮೊದಲ ಒತ್ತಿಗೆ ಡಿಸ್ಕನ್ನು ಮುಟ್ಟುವುದೇ ಇಲ್ಲ.

ಡ್ರಮ್ ಬ್ರೇಕಿನ ಬೈಕಿಗೆ ಬೇರೆ ಏನಾದರೂ ಎಚ್ಚರ ಬೇಕೇ?

ಎರಡು ಬೇಕು. ಮೊದಲನೆಯದು ಜೀವದ ಪ್ರಶ್ನೆ: ಬ್ರೇಕ್ ಪ್ಲೇಟಿನ ಮೇಲಿರುವ ಕಚ್ಚು ಫೋರ್ಕಿನ ಒಳಬದಿಯ ಉಬ್ಬಿಗೆ ಸಿಕ್ಕಿಕೊಂಡಿರಲೇಬೇಕು. ಅದು ತಪ್ಪಿದರೆ ಬ್ರೇಕ್ ಹಿಡಿದಾಗ ಪ್ಲೇಟೇ ಚಕ್ರದೊಂದಿಗೆ ಸುತ್ತಿಕೊಂಡು, ಕೇಬಲ್ ಹರಿದು, ಚಕ್ರ ಜಾಮ್ ಆಗುತ್ತದೆ. ಎರಡನೆಯದು, ನಟ್ಟನ್ನು ಪೂರ್ತಿ ಬಿಗಿಯುವಾಗ ಬ್ರೇಕ್ ಲಿವರನ್ನು ಒತ್ತಿ ಹಿಡಿದಿರಬೇಕು. ಆಗ ಲೈನರುಗಳು ಡ್ರಮ್ಮಿನ ನಡುವಿಗೆ ತಾವಾಗಿ ಹೊಂದಿಕೊಳ್ಳುತ್ತವೆ, ಬ್ರೇಕ್ ಒಂದೇ ಸಮನೆ ಹಿಡಿಯುತ್ತದೆ.

ಕಾರಿನ ಆಕ್ಸಲ್ ನಟ್ಟಿಗೆ ಅಷ್ಟೊಂದು ಬಿಗಿ ಏಕೆ? ಚಕ್ರ ನೆಲಕ್ಕಿಳಿಸಿ ಬಿಗಿಯಬಹುದೇ?

ಮುಂಚಕ್ರ ಚಾಲನೆಯ ಕಾರಿನ ಹಬ್ ಬೇರಿಂಗಿನಲ್ಲಿ ಗುಂಡುಗಳ ಎರಡು ಸಾಲು ಇರುತ್ತವೆ, ಒಳಬಳೆ ಎರಡು ಹೋಳುಗಳಲ್ಲಿರುತ್ತದೆ. ಈ ಎರಡು ಹೋಳುಗಳು ಒಂದಕ್ಕೊಂದು ಒತ್ತಿ ಕೂತಾಗ ಮಾತ್ರ ಗುಂಡುಗಳಿಗೆ ಸರಿಯಾದ ಜಾಗ ಸಿಗುತ್ತದೆ. ಆ ಜಾಗವನ್ನು ಕಾರ್ಖಾನೆಯಲ್ಲೇ ಅರೆದು ನಿಗದಿ ಮಾಡಿರುವುದರಿಂದ ನಾವು ಹೊಂದಿಸುವುದು ಏನೂ ಇಲ್ಲ. ಹೋಳುಗಳು ಎಂದೂ ಬಿಡಿಸಿಕೊಳ್ಳದಂತೆ ಅದುಮಿ ಹಿಡಿದರೆ ಸಾಕು. ತಿರುವಿನಲ್ಲಿ ಚಕ್ರವನ್ನು ಅಡ್ಡಕ್ಕೆ ನೂಕುವ ಬಲವನ್ನೂ ಮೀರಿ ಅದು ಹಿಡಿದಿರಬೇಕಾಗುತ್ತದೆ. ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳಲ್ಲಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಬೀಳುವ ಆ ಹೊರೆಯೆಲ್ಲ ಕೊನೆಗೆ ಬಂದು ತಾಗುವುದು ಈ ನಟ್ಟಿಗೇ.

ಇದರಿಂದ ಹೊರಡುವ ನಿಯಮ ಒಂದಿದೆ: ನಟ್ಟು ಪೂರ್ತಿ ಬಿಗಿಯಾಗುವ ಮುನ್ನ ಆ ಚಕ್ರದ ಮೇಲೆ ಕಾರಿನ ಭಾರ ಬೀಳಬಾರದು, ಕಾರನ್ನು ತಳ್ಳಿ ಉರುಳಿಸಲೂಬಾರದು. ಸಡಿಲ ನಟ್ಟಿನ ಮೇಲೆ ಭಾರ ಬಿದ್ದರೆ ಗುಂಡುಗಳು ಬಳೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗಳನ್ನು ಒತ್ತುತ್ತವೆ. ಬೇರಿಂಗ್ ಹೊಸದಾಗಿದ್ದರೂ ತಿಂಗಳೊಪ್ಪತ್ತಿನಲ್ಲಿ ಗುಂಯ್‌ಗುಡಲು ಶುರುಮಾಡುತ್ತದೆ. ‘ಹೊಸ ಬೇರಿಂಗ್ ಹಾಕಿಸಿದೆ, ಮತ್ತೆ ಶಬ್ದ ಬರುತ್ತಿದೆ, ಬೇರಿಂಗೇ ನಕಲಿ’ ಎಂಬ ದೂರು ಬಂದಾಗ, ನಕಲಿ ಸರಕಿನ ಸಾಧ್ಯತೆ ಇದ್ದೇ ಇದ್ದರೂ, ಜೋಡಿಸುವಾಗ ಕಾರನ್ನು ಸಡಿಲ ನಟ್ಟಿನಲ್ಲೇ ಒಂದು ಬದಿಗೆ ತಳ್ಳಿದ್ದರೇ ಎಂದು ಮೊದಲು ಕೇಳುವುದು ಸರಿ.

ಹಾಗಾದರೆ ಇಷ್ಟು ಬಿಗಿ ಕೊಡುವಾಗ ಹಬ್ಬು ತಿರುಗದಂತೆ ಹಿಡಿಯುವುದು ಹೇಗೆ? ಕಾರು ಗಟ್ಟಿಯಾದ ಸ್ಟ್ಯಾಂಡಿನ ಮೇಲಿರಲಿ, ಹಿಂದಿನ ಚಕ್ರಗಳಿಗೆ ಅಡ್ಡಗಟ್ಟೆ ಇರಲಿ, ಕ್ಯಾಲಿಪರ್ ಜೋಡಿಸಿ ಮುಗಿದಿರಲಿ. ಒಬ್ಬರು ಒಳಗೆ ಕೂತು ಬ್ರೇಕ್ ಪೆಡಲನ್ನು ಬಲವಾಗಿ ಒತ್ತಿ ಹಿಡಿಯಲಿ, ಇನ್ನೊಬ್ಬರು ನಟ್ಟು ಬಿಗಿಯಲಿ. ಬರೀ ಜಾಕಿನ ಮೇಲೆ ನಿಂತ ಕಾರಿನಲ್ಲಿ ಈ ಕೆಲಸಕ್ಕೆ ಕೈ ಹಾಕಲೇಬಾರದು. ಇಷ್ಟು ಬಲದಿಂದ ಎಳೆಯುವಾಗ ಕಾರು ಅಲುಗುತ್ತದೆ, ಅಂಗಳದ ಮಣ್ಣಿನಲ್ಲಿ ಜಾಕು ಓರೆಯಾಗುತ್ತದೆ. ನಿಮ್ಮ ಕಾರಿನ ಪುಸ್ತಕವು ಬೇರೆ ಕ್ರಮವನ್ನು ಹೇಳಿದ್ದರೆ ಅದನ್ನೇ ಅನುಸರಿಸಿ.

ಹಳೆಯ ನಟ್ಟನ್ನೇ ಮತ್ತೆ ಹಾಕಬಹುದೇ?

ಸ್ಪ್ಲಿಟ್ ಪಿನ್ (ರಂಧ್ರಕ್ಕೆ ತೂರಿಸಿ ಎರಡು ಕಾಲು ಮಡಚುವ ಪಿನ್) ಬಳಸುವ ಕಿರೀಟದ ಆಕಾರದ ನಟ್ಟನ್ನು ಥ್ರೆಡ್ ಚೆನ್ನಾಗಿದ್ದರೆ ಮತ್ತೆ ಬಳಸಬಹುದು, ಪಿನ್ ಮಾತ್ರ ಪ್ರತಿ ಸಲವೂ ಹೊಸದಿರಬೇಕು. ಒಳಗೆ ನೈಲಾನ್ ಬಳೆಯಿರುವ ನಟ್ಟು ಒಂದು ಸಲ ಬಿಚ್ಚಿದ ಮೇಲೆ ಹಿಡಿತ ಕಳೆದುಕೊಳ್ಳುತ್ತದೆ, ಹೊಸದನ್ನೇ ಹಾಕಿ.

ಅಂಚು ಬಡಿದು ಲಾಕ್ ಮಾಡುವ ನಟ್ಟು ಕಾರುಗಳಲ್ಲಿ ಹೆಚ್ಚು. ಅದರ ಹೊರತುದಿಯಲ್ಲಿ ತೆಳ್ಳನೆಯ ಕೊರಳಪಟ್ಟಿಯಂಥ ಅಂಚಿರುತ್ತದೆ. ನಟ್ಟು ಬಿಗಿಯಾದ ಮೇಲೆ ಆಕ್ಸಲಿನ ತುದಿಯಲ್ಲಿರುವ ಉದ್ದ ಕಚ್ಚಿನ (ಗ್ರೂವ್) ನೇರಕ್ಕೆ ಬಂದ ಅಂಚನ್ನು ಒಳಗೆ ಬಡಿದು ಕೂರಿಸುತ್ತಾರೆ. ಬಡಿಯಲು ತುದಿ ದುಂಡಗಿರುವ ಪಂಚ್ ಬೇಕು. ಚೂಪು ಉಳಿಯಿಂದ ಹೊಡೆದರೆ ಅಂಚು ಬಾಗುವ ಬದಲು ಸೀಳುತ್ತದೆ, ಆ ಸೀಳಿನಿಂದಲೇ ಮುಂದೆ ಮುರಿಯುತ್ತದೆ. ಬಡಿದ ಮೇಲೆ ಹತ್ತಿರದಿಂದ ನೋಡಿ: ಅಂಚು ಕಚ್ಚಿನ ತಳದತ್ತ ಚೆನ್ನಾಗಿ ಇಳಿದಿರಬೇಕು, ಬದಿಗಳಲ್ಲಿ ಕೂದಲೆಳೆಯ ಬಿರುಕೂ ಇರಬಾರದು. ಹಳೆಯ ನಟ್ಟನ್ನೇ ಹಾಕಿದರೆ ಹಿಂದೆ ಬಡಿದ ಜಾಗವೇ ಮತ್ತೆ ಕಚ್ಚಿನ ಎದುರಿಗೆ ಬಂದು ಸರಿಯಾಗಿ ಹಿಡಿಯುವುದಿಲ್ಲ. ಬೇರಿಂಗಿಗೂ ಕೂಲಿಗೂ ಹೋಲಿಸಿದರೆ ನಟ್ಟಿನ ಬೆಲೆ ಏನೂ ಅಲ್ಲ. ಇಲ್ಲಿ ಉಳಿತಾಯ ಮಾಡುವುದು ನನ್ನ ಲೆಕ್ಕದಲ್ಲಿ ಜಿಪುಣತನವೇ ಸರಿ.

ಟಾರ್ಕ್ ಮುಟ್ಟಿದೆ, ಆದರೆ ಸ್ಪ್ಲಿಟ್ ಪಿನ್ನಿನ ರಂಧ್ರ ಎದುರಿಗೆ ಬಂದಿಲ್ಲ. ಹಿಂದಕ್ಕೆ ತಿರುಗಿಸಬೇಕೇ, ಮುಂದಕ್ಕೇ?

ಮೇಲೆ ಹೇಳಿದ ಎರಡು ಬಗೆಗಳ ವ್ಯತ್ಯಾಸ ಇಲ್ಲಿ ಎದ್ದು ಕಾಣುತ್ತದೆ. ಅದುಮಿ ಹಿಡಿಯುವ ನಟ್ಟಾದರೆ ಮುಂದಿನ ಕಚ್ಚು ಎದುರಾಗುವವರೆಗೆ ಇನ್ನೂ ಸ್ವಲ್ಪ ಬಿಗಿ ಮಾಡಬೇಕು, ಎಂದಿಗೂ ಸಡಿಲಿಸಬಾರದು. ಟೇಪರ್ ಬೇರಿಂಗನ್ನು ಹೊಂದಿಸುವ ನಟ್ಟಾದರೆ ಹತ್ತಿರದ ಕಚ್ಚಿಗೆ ಸಡಿಲಿಸಬೇಕು, ಬಿಗಿ ಮಾಡಬಾರದು. ಪಿನ್ ಹಾಕಿದ ಮೇಲೆ ಒಂದು ಕಾಲನ್ನು ಆಕ್ಸಲಿನ ತುದಿಯ ಮೇಲಕ್ಕೂ ಇನ್ನೊಂದನ್ನು ನಟ್ಟಿನ ಬದಿಗೂ ಮಡಚಿ, ಟೊಪ್ಪಿಗೆ ತಾಗುವಷ್ಟು ಉದ್ದವಿದ್ದರೆ ಕತ್ತರಿಸಿ. ಪಿನ್ನಿನ ಬದಲು ಮೊಳೆ ಅಥವಾ ಬೇಲಿ ತಂತಿ ಹಾಕುವುದು ಬೇಡ.

ಜೀಪು ಅಥವಾ ಟ್ರ್ಯಾಕ್ಟರಿನ ಟೇಪರ್ ಬೇರಿಂಗಿನ ನಟ್ಟನ್ನು ಹೊಂದಿಸುವುದು ಹೇಗೆ?

ಗದ್ದೆ ಉತ್ತು ಬಂದ ಟ್ರ್ಯಾಕ್ಟರಿನ ಮುಂದಿನ ಹಬ್ಬನ್ನು ಬಿಚ್ಚಿದರೆ ಕೆಲವೊಮ್ಮೆ ಗ್ರೀಸಿನ ಜಾಗದಲ್ಲಿ ಹಾಲು ಬೆರೆತ ಕಾಫಿಯ ಬಣ್ಣದ ನೀರುಲೇಪ ಸಿಗುತ್ತದೆ. ಅದರ ಮೇಲೆಯೇ ಹೊಸ ಗ್ರೀಸ್ ತುಂಬಿ ನಟ್ಟು ಹೊಂದಿಸುವುದರಲ್ಲಿ ಅರ್ಥವಿಲ್ಲ. ಬೇರಿಂಗು, ಅದು ಕೂರುವ ಹೊರಬಳೆಯಾದ ಕಪ್ಪು (ಕಪ್), ಹಬ್ಬಿನ ಒಳಗು ಎಲ್ಲವನ್ನೂ ಡೀಸೆಲ್ ಅಥವಾ ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ. ರೋಲರಿನ ಮೇಲೆ ನೀಲಿ ಛಾಯೆ ಕಂಡರೆ ಅದು ಕಾದು ಕೆಟ್ಟದ್ದು. ಕಪ್ಪಿನ ಒಳಮೈಯಲ್ಲಿ ಸಿಡುಬಿನ ಕಲೆಗಳಿದ್ದರೆ ಸವೆದದ್ದು. ಎರಡರಲ್ಲಿ ಯಾವುದಿದ್ದರೂ ಬೇರಿಂಗ್ ಮತ್ತು ಕಪ್ಪನ್ನು ಜೊತೆಯಾಗಿಯೇ ಬದಲಾಯಿಸಬೇಕು. ಗ್ರೀಸನ್ನು ಅಂಗೈಯಲ್ಲಿಟ್ಟುಕೊಂಡು, ಬೇರಿಂಗಿನ ಅಗಲವಾದ ಬದಿಯಿಂದ ಒತ್ತುತ್ತಾ, ರೋಲರುಗಳ ನಡುವಿನಿಂದ ಆಚೆ ಬದಿಗೆ ಹೊಮ್ಮುವವರೆಗೆ ತುಂಬಬೇಕು. ಆಯಿಲ್ ಸೀಲನ್ನು ಹೊಸದಾಗಿ ಹಾಕಿ.

ಇನ್ನು ಹೊಂದಿಸುವ ಕೆಲಸ. ಒಂದು ಕೈಯಿಂದ ಹಬ್ಬನ್ನು ಎರಡೂ ದಿಕ್ಕಿಗೆ ತಿರುಗಿಸುತ್ತಲೇ ಇನ್ನೊಂದು ಕೈಯಿಂದ ನಟ್ಟನ್ನು ಬಿಗಿ ಮಾಡುತ್ತಾ, ತಿರುಗುವಿಕೆ ಭಾರವೆನಿಸುವವರೆಗೆ ತನ್ನಿ. ತಿರುಗಿಸದೆ ಬಿಗಿದರೆ ರೋಲರುಗಳು ತಮ್ಮ ಜಾಗದಲ್ಲಿ ನೇರವಾಗಿ ಕೂರುವುದಿಲ್ಲ. ಆಗ ಸಿಕ್ಕ ಬಿಗಿ ಸುಳ್ಳು ಬಿಗಿ, ವಾಹನ ನಾಲ್ಕು ಮೈಲಿ ಓಡಿದ ಮೇಲೆ ಚಕ್ರ ಅಲ್ಲಾಡುತ್ತದೆ. ಹೀಗೆ ಕೂರಿಸಿದ ಮೇಲೆ ನಟ್ಟನ್ನು ಹಿಂದಕ್ಕೆ ಬಿಡಬೇಕು. ಎಷ್ಟು ಎಂಬುದು ವಾಹನದ ಮೇಲೆ ನಿಂತಿದೆ. ಹಳೆಯ ಜೀಪುಗಳಲ್ಲಿ ಸುಮಾರು ಆರನೆಯ ಒಂದು ಸುತ್ತು, ಅಂದರೆ ಆರು ಮುಖದ ನಟ್ಟಿನಲ್ಲಿ ಒಂದು ಮುಖದಷ್ಟು, ಬಿಡುವ ರೂಢಿಯಿದೆ. ಕೊನೆಗೆ ಉಳಿಯಬೇಕಾದ ಪ್ಲೇ, ಅಂದರೆ ಸಡಿಲಾಟ, ಅತಿ ಸಣ್ಣದು: ಡಯಲ್ ಗೇಜಿನಲ್ಲಿ ಅಳೆದರೆ ಸಾಮಾನ್ಯವಾಗಿ 0.03ರಿಂದ 0.13 ಮಿಲಿಮೀಟರ್. ಗೇಜು ಇಲ್ಲದವರು ಹಬ್ಬು ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ ಕೈಗೆ ಅತ್ತಿತ್ತ ಬಡಿದಂತೆ ಅನ್ನಿಸಬಾರದು ಎಂಬುದನ್ನು ಗುರುತಾಗಿಟ್ಟುಕೊಳ್ಳಬಹುದು. ಎರಡು ನಟ್ಟಿನ ಜೀಪಿನಲ್ಲಿ ಹೊರನಟ್ಟನ್ನು ಬಿಗಿದ ಮೇಲೆ ಇದನ್ನೆಲ್ಲ ಇನ್ನೊಮ್ಮೆ ನೋಡಬೇಕು, ಏಕೆಂದರೆ ಹೊರನಟ್ಟು ಒಳನಟ್ಟನ್ನು ಥ್ರೆಡ್ಡಿನ ಸಂದಿನಷ್ಟು ಒಳಗೆ ತಳ್ಳಿ ಪ್ಲೇಯನ್ನು ಕಡಿಮೆ ಮಾಡುತ್ತದೆ. ಆ ಬಳಿಕ ವಾಷರಿನ ಕಿವಿ ಮಡಚಿ.

ಏರ್ ಗನ್ನಿನಿಂದ ಬಿಗಿ ಮಾಡಿಸಬಹುದೇ?

ಬಿಚ್ಚಲು ಬಳಸಲಿ. ಕೊನೆಯ ಬಿಗಿಗೆ ಬೇಡ. ಗನ್ನು ಹೊಡೆದ ಟಾರ್ಕ್ ಗಾಳಿಯ ಒತ್ತಡಕ್ಕೂ ಹಿಡಿದ ಸಮಯಕ್ಕೂ ತಕ್ಕಂತೆ ಬದಲಾಗುತ್ತದೆ, ಮೇಲಾಗಿ ಅದರ ಬಡಿತ ಬೇರಿಂಗಿಗೆ ಒಳ್ಳೆಯದಲ್ಲ. ಟೇಪರ್ ಬೇರಿಂಗಿನ ನಟ್ಟಿನ ಹತ್ತಿರಕ್ಕೂ ಅದನ್ನು ತರಬಾರದು.

ದಾರಿಯಲ್ಲಿ ಪಂಕ್ಚರಾಗಿ ಬೈಕಿನ ಚಕ್ರ ಬಿಚ್ಚಬೇಕಾಯಿತು, ಟಾರ್ಕ್ ರೆಂಚ್ ಇಲ್ಲ. ಏನು ಮಾಡುವುದು?

ಮಲೆನಾಡಿನ ಹಳ್ಳಿಗಳಲ್ಲಿ ಟಾರ್ಕ್ ರೆಂಚ್ ಸಿಗದಿದ್ದರೂ ಕಾಳುಮೆಣಸು, ಅಡಿಕೆ ತೂಗುವ ಕೊಕ್ಕೆಯ ತಕ್ಕಡಿ ಸಿಗುತ್ತದೆ. ಪಾನದ ಹಿಡಿಕೆಯ ತುದಿಗೆ ಅದರ ಕೊಕ್ಕೆ ಸಿಕ್ಕಿಸಿ, ಹಿಡಿಕೆಗೆ ಲಂಬವಾಗಿ ಎಳೆದರೆ ಲೆಕ್ಕ ಸಿಗುತ್ತದೆ. ಬೇಕಾದದ್ದು 60 ನ್ಯೂಟನ್-ಮೀಟರ್, ನಟ್ಟಿನ ನಡುವಿನಿಂದ ಕೊಕ್ಕೆಯವರೆಗೆ 30 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ: 60ನ್ನು 0.30ರಿಂದ ಭಾಗಿಸಿದರೆ 200 ನ್ಯೂಟನ್, ಅಂದರೆ ತಕ್ಕಡಿಯಲ್ಲಿ 20 ಕಿಲೋಗಿಂತ ಸ್ವಲ್ಪ ಹೆಚ್ಚು. ಓರೆಯಾಗಿ ಎಳೆದರೆ ಲೆಕ್ಕ ತಪ್ಪುತ್ತದೆ. ಊರು ಸೇರಿದ ಮೇಲೆ ರೆಂಚಿನಿಂದ ಸರಿಯಾಗಿ ಬಿಗಿ ಮಾಡಿಕೊಳ್ಳಿ. ಕಾರಿನ ಆಕ್ಸಲ್ ನಟ್ಟಿಗೆ ಈ ಉಪಾಯ ಬೇಡ, ಅಷ್ಟು ಬಲವನ್ನು ಹೀಗೆ ಸುರಕ್ಷಿತವಾಗಿ ಎಳೆಯಲಾಗದು.

ಜೋಡಿಸಿದ ಮೇಲೆ ಸರಿಯಾಗಿದೆ ಎಂದು ಪರೀಕ್ಷಿಸುವುದು ಹೇಗೆ?

ಚಕ್ರವನ್ನು ಎತ್ತಿ, ಮೇಲ್ತುದಿ ಮತ್ತು ಕೆಳತುದಿ ಹಿಡಿದು ಒಳಕ್ಕೂ ಹೊರಕ್ಕೂ ಅಲ್ಲಾಡಿಸಿ. ಕಾರಿನಲ್ಲಿ ಅಲುಗಾಟ ಕಂಡರೆ, ಒಬ್ಬರು ಬ್ರೇಕ್ ಒತ್ತಿ ಹಿಡಿದಿರುವಾಗ ಮತ್ತೆ ಅಲ್ಲಾಡಿಸಿ: ಅಲುಗಾಟ ನಿಂತರೆ ದೋಷ ಬೇರಿಂಗಿನಲ್ಲಿ ಅಥವಾ ನಟ್ಟಿನಲ್ಲಿದೆ, ಮುಂದುವರಿದರೆ ಬಾಲ್ ಜಾಯಿಂಟಿನಂಥ ಬೇರೆ ಭಾಗದಲ್ಲಿ. ಎಡ ಬಲ ತುದಿ ಹಿಡಿದಾಗ ಮಾತ್ರ ಅಲುಗಿದರೆ ಸ್ಟಿಯರಿಂಗಿನ ರಾಡ್ ಎಂಡ್‌ಗಳನ್ನು ನೋಡಿ.

ನಟ್ಟಿನ ಮೇಲಿಂದ ಆಕ್ಸಲಿನ ತುದಿಯವರೆಗೆ ಬಣ್ಣದಲ್ಲಿ ಒಂದು ಗೆರೆ ಎಳೆದಿಟ್ಟರೆ, ನಟ್ಟು ತಿರುಗಿದೆಯೇ ಎಂಬುದು ಮುಂದೆ ಒಂದು ನೋಟಕ್ಕೆ ತಿಳಿಯುತ್ತದೆ. ಟೇಪರ್ ಬೇರಿಂಗಿನ ವಾಹನವನ್ನು ಹತ್ತು ಕಿಲೋಮೀಟರ್ ಓಡಿಸಿ ಹಬ್ಬಿನ ಬಳಿ ಕೈಯಿಟ್ಟು, ಎರಡೂ ಬದಿಗಳ ಬಿಸಿಯನ್ನು ಹೋಲಿಸಿ ನೋಡಿ. ಈ ಪರೀಕ್ಷೆಯನ್ನು ಸಮತಟ್ಟಾದ ರಸ್ತೆಯಲ್ಲಿ, ಉದಾಹರಣೆಗೆ ಶಿವಮೊಗ್ಗದಿಂದ ಭದ್ರಾವತಿಯ ಕಡೆಗೆ, ಬ್ರೇಕನ್ನು ಆದಷ್ಟು ಕಡಿಮೆ ಬಳಸಿ ಮಾಡಬೇಕು. ಘಾಟಿ ಇಳಿದು ಬಂದು ಮುಟ್ಟಿದರೆ ಬ್ರೇಕಿನ ಬಿಸಿಯಿಂದ ಒಳ್ಳೆಯ ಹಬ್ಬೂ ಸುಡುತ್ತಿರುತ್ತದೆ, ಅದರಿಂದ ಬೇರಿಂಗಿನ ಬಗ್ಗೆ ಏನೂ ತಿಳಿಯುವುದಿಲ್ಲ. ಕಾರಿನ ಚಕ್ರದ ನಟ್ಟುಗಳನ್ನು 50ರಿಂದ 100 ಕಿಲೋಮೀಟರಿನ ಬಳಿಕ ಮತ್ತೊಮ್ಮೆ ನೋಡಿ. ಅಂಚು ಬಡಿದ ಆಕ್ಸಲ್ ನಟ್ಟನ್ನು ಮಾತ್ರ ಹಾಗೆ ಮತ್ತೆ ತಿರುಗಿಸಲು ಹೋಗಬಾರದು.

ಬೈಕಿನ ಆಕ್ಸಲ್ ನಟ್ಟು ಹೆಚ್ಚು ಬಿಗಿಯಾದರೆ ಆಗುವುದೇನು?

ಎರಡು ಬೇರಿಂಗುಗಳ ನಡುವೆ ಹಬ್ಬಿನೊಳಗೆ ಒಂದು ಕೊಳವೆಯಿರುತ್ತದೆ. ನಟ್ಟಿನ ಒತ್ತಡವೆಲ್ಲ ಒಳಬಳೆಗಳ ಮೂಲಕ ಆ ಕೊಳವೆಗೆ ಹೋಗುತ್ತದೆ. ವಿಪರೀತ ಬಿಗಿಗೆ ಕೊಳವೆಯ ತುದಿ ಅಪ್ಪಚ್ಚಿಯಾಗಿ ಗಿಡ್ಡವಾದರೆ ಒಳಬಳೆಗಳು ಒಳಕ್ಕೆ ಸರಿದು, ಗುಂಡುಗಳಿಗೆ ಪಕ್ಕದಿಂದ ಹೊರೆ ಬೀಳುತ್ತದೆ. ಬೇರಿಂಗ್ ಬದಲಾಯಿಸುವಾಗ ಈ ಕೊಳವೆಯನ್ನು ಮರೆತು ಜೋಡಿಸಿದರೂ ಇದೇ ಗತಿ. ನಟ್ಟು ಬಿಗಿಯಾಗುತ್ತಿದ್ದಂತೆ ಚಕ್ರದ ತಿರುಗಾಟ ಭಾರವಾಗುತ್ತಾ ಹೋದರೆ ಅಲ್ಲೇ ನಿಲ್ಲಿಸಿ ಬಿಚ್ಚಿ ನೋಡಿ.

ನಟ್ಟು ಯಾವ ದಿಕ್ಕಿಗೆ ತಿರುಗುತ್ತದೆ?

ಬಹುತೇಕ ಎಲ್ಲವೂ ಗಡಿಯಾರದ ಮುಳ್ಳಿನ ದಿಕ್ಕಿಗೆ ಬಿಗಿಯಾಗುತ್ತವೆ. ಕೆಲವು ಹಳೆಯ ಲಾರಿಗಳಲ್ಲಿ ಎಡಬದಿಯ ಚಕ್ರಕ್ಕೆ ಎಡಥ್ರೆಡ್ ಇರುತ್ತದೆ. ಬಿಚ್ಚಲು ಬಾರದ ನಟ್ಟಿಗೆ ಪೈಪು ಹಾಕುವ ಮೊದಲು ಥ್ರೆಡ್ಡಿನ ಓರೆಯನ್ನು ಕಣ್ಣಾರೆ ನೋಡಿ.

ಆಕ್ಸಲ್ ನಟ್ಟು ಬಿಚ್ಚಿ ಹಾಕಿದರೆ ವ್ಹೀಲ್ ಅಲೈನ್‌ಮೆಂಟ್ ಮಾಡಿಸಲೇಬೇಕೇ?

ಬರೀ ನಟ್ಟು ಬಿಚ್ಚಿ ಹಾಕಿದ್ದರಿಂದ ಅಲೈನ್‌ಮೆಂಟ್ ಬದಲಾಗುವುದಿಲ್ಲ. ಬೇರಿಂಗ್ ತೆಗೆಯಲು ಶಾಕ್ ಅಬ್ಸಾರ್ಬರ್ ಮತ್ತು ನಕಲ್ (ಹಬ್ಬನ್ನು ಹೊರುವ ಭಾಗ) ಸೇರುವ ಬೋಲ್ಟುಗಳನ್ನು ಸಡಿಲಿಸಿದ್ದರೆ, ಅಥವಾ ಸ್ಟಿಯರಿಂಗಿನ ಟೈ ರಾಡಿನ ಉದ್ದ ಬದಲಾಗಿದ್ದರೆ, ಮಾಡಿಸಬೇಕು. ಏನೇನು ಬಿಚ್ಚಲಾಯಿತು ಎಂದು ಮೆಕ್ಯಾನಿಕ್ಕನ್ನೇ ಕೇಳಿ. ಆ ಎರಡರಲ್ಲಿ ಯಾವುದನ್ನೂ ಮುಟ್ಟಿಲ್ಲ ಎಂದರೆ ಆ ಖರ್ಚಿನ ಅಗತ್ಯವಿಲ್ಲ.